ಬ್ಯಾಟರಿ ಇಲ್ಲದ ಲೋಡರ್

ಮೊಣಕಾಲು ನೋವಿಗೆಂದು ಡಾಕ್ಟರು ಬರೆದುಕೊಟ್ಟ ಮೆತ್ತನೆಯ ಗುಳಿಗೆಗಳ ಬಾಟಲಿಯನ್ನು ಮೊನ್ನೆ ಅಡುಗೆಮನೆಯ ಕಿಟಕಿಯಲ್ಲೇ ಮರೆತುಬಿಟ್ಟಿದ್ದೆ. ನಾಶಿಕದ ಬಿಸಿಲು ಬಿದ್ದು ಗುಳಿಗೆಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಮುಚ್ಚಳ ತಿರುಗಿಸಿದೆನೋ ಇಲ್ಲವೋ, ಒಳಗಿಂದ ಆ ವಾಸನೆ ಬಂತು. ಅರ್ಧ ಸಿಹಿ, ಅರ್ಧ ಜಿಡ್ಡು, ಕೊನೆಗೆ ಸ್ವಲ್ಪ ಕಹಿ. ಬಾಟಲಿಯನ್ನು ಕಟ್ಟೆಯ ಮೇಲಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟೆ. ಪೇಂಟ್‌ಬಾಲ್ ಒಡೆದಾಗ ಬರುವ ವಾಸನೆ ಅದು. ಎಷ್ಟೋ ಒಳ್ಳೆಯ ಸಂಗತಿಗಳನ್ನು ಮರೆತಿದ್ದೇನೆ, ಈ ಹಾಳು ವಾಸನೆ ಮಾತ್ರ ಮರೆಯುತ್ತಿಲ್ಲ.

ಪೇಂಟ್‌ಬಾಲ್ ಅಂದರೆ ಗೋಲಿಯಷ್ಟು ದೊಡ್ಡ ಗುಂಡು. ಹೊರಗೆ ಗುಳಿಗೆಯಂಥದ್ದೇ ಮೆತ್ತನೆಯ ಸಿಪ್ಪೆ, ಒಳಗೆ ಬಣ್ಣ. ಗಾಳಿಯ ಒತ್ತಡದ ಬಂದೂಕಿನಿಂದ ಹೊಡೆಯುತ್ತಾರೆ, ಯಾರ ಮೈಮೇಲೆ ಒಡೆಯುತ್ತದೋ ಅವರು ಆಟದಿಂದ ಹೊರಗೆ. ಬಂದೂಕಿನ ನೆತ್ತಿಯ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಕೂತಿರುತ್ತದೆ, ಗುಂಡುಗಳೆಲ್ಲ ಅದರೊಳಗಿಂದ ಒಂದೊಂದಾಗಿ ಇಳಿಯಬೇಕು. ಅದಕ್ಕೆ ಲೋಡರ್ ಅನ್ನುತ್ತಾರೆ. ಐವತ್ತು ದಾಟಿದ, ಜಮಖಂಡಿ ಕಡೆಯ ಹೆಂಗಸಿಗೆ ಇದೆಲ್ಲ ಯಾಕೆ ಗೊತ್ತು ಅಂದರೆ, ನನ್ನ ಗಂಡನ ಬಲಗೈ ಹೋದ ಕಥೆಯಲ್ಲಿ ಆ ಡಬ್ಬಿ ಇದೆ. ಕೈ ಕಡಿದು ಬೀಳಲಿಲ್ಲ, ಇವತ್ತಿಗೂ ಭುಜಕ್ಕೆ ಅಂಟಿಕೊಂಡೇ ಇದೆ. ಆದರೆ ಒಂದು ಚಳಿಗಾಲದಲ್ಲಿ, ದೀಪಾವಳಿಗೂ ಶಿವರಾತ್ರಿಗೂ ನಡುವೆ, ಅದು ಅವರದಾಗಿ ಉಳಿಯಲಿಲ್ಲ.

ನಮ್ಮ ಮನೆಯವರು ನಾಶಿಕದ ಬಳಿ ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದರು. ಹೆಸರು ಬಸಣ್ಣ. ನಾನು ಹೆಸರು ಹಿಡಿದು ಕರೆಯುವವಳಲ್ಲ, ಬರೆದರೆ ಆಯುಷ್ಯವೇನೂ ಕಡಿಮೆಯಾಗಲಿಕ್ಕಿಲ್ಲ. ವಿಮಾನದೊಳಗೆ ಬೋಲ್ಟು ಬಿಗಿದ ಮೇಲೆ ಅದು ಸಡಿಲವಾಗಬಾರದೆಂದು ಸಣ್ಣ ತಂತಿಯಿಂದ ಹೆಣೆದು ಕಟ್ಟುತ್ತಾರಂತೆ. ಕೆಲವು ಕಡೆ ಕಣ್ಣು ಹಾಯುವುದಿಲ್ಲ, ಕೈ ಮಾತ್ರ ಹೋಗುತ್ತದೆ. ಅಂಥ ಜಾಗ ಬಂದರೆ ಬೇರೆ ಪಾಳಿಯವರೂ ಇವರನ್ನೇ ಕರೆದೊಯ್ಯುತ್ತಿದ್ದರು. ಕಾರ್ಖಾನೆಯ ಕಾಲೊನಿಯಲ್ಲೂ ಅಷ್ಟೇ. ಯಾರ ಮನೆಯ ಗಡಿಯಾರ ನಿಂತರೂ, ಯಾರ ಮಗುವಿನ ಗೆಜ್ಜೆಯ ಕೊಂಡಿ ಕಳಚಿದರೂ "ಬಸಣ್ಣಾರ ಕೈಯಾಗ ಕೊಡ್ರಿ" ಅನ್ನುತ್ತಿದ್ದರು. ಹೆಣ್ಣು ನೋಡಲು ಬಂದಾಗ ನಮ್ಮ ಮನೆಯ ಗೋಡೆಗೆ ಸೊಟ್ಟಗೆ ಕೂತಿದ್ದ ಕನ್ನಡಿಯನ್ನು ಎದ್ದುಹೋಗಿ ನೆಟ್ಟಗೆ ಮಾಡಿದ ಮನುಷ್ಯ ಇವರು. ಮಾತು ಕಡಿಮೆ, ಕೈ ಜಾಸ್ತಿ. ನನ್ನ ಬಾಯಿಗೆ ಅಂಥವರೇ ಗಂಟು ಬೀಳಬೇಕಿತ್ತು.

ಆ ವರ್ಷ ದೀಪಾವಳಿಯ ಮರುವಾರ ಗಿರೀಶ ಒಬ್ಬ ಮರಾಠಿ ಗೃಹಸ್ಥರನ್ನು ಮನೆಗೆ ಕರೆದುಕೊಂಡು ಬಂದ. ಗಿರೀಶ ಹುಬ್ಬಳ್ಳಿಯವನು, ಇವರದೇ ಕಾರ್ಖಾನೆಯಲ್ಲಿ ಇಂಜಿನಿಯರ್, ಮದುವೆಯಾಗದ ಕಾರಣ ವಾರದಲ್ಲಿ ಮೂರು ಸಲವಾದರೂ ನಮ್ಮ ಮನೆಯ ರೊಟ್ಟಿಗೆ ಹಾಜರ್. ಬಂದವರು ವಿಲಾಸರಾವ್, ದಿಂಡೋರಿಯ ಹತ್ತಿರ ದ್ರಾಕ್ಷಿ ತೋಟ ಉಳ್ಳವರು. ಹಳೆಯ ಬಳ್ಳಿ ಕಿತ್ತುಹಾಕಿದ ಒಂದು ತುಂಡು ಹೊಲದಲ್ಲಿ ಲಾರಿ ಟೈರು, ತಗಡಿನ ಡ್ರಮ್ಮು, ಮಣ್ಣಿನ ಚೀಲ ಪೇರಿಸಿ ಪೇಂಟ್‌ಬಾಲ್ ಮೈದಾನ ಮಾಡಿದ್ದರು. ವೈನರಿ ನೋಡಲು ಬರುವ ಮುಂಬಯಿ ಹುಡುಗರು ಅಲ್ಲಿಯೂ ಬರುತ್ತಾರೆ ಎಂಬ ಲೆಕ್ಕ. ಬಂದೂಕುಗಳು ಚೆನ್ನಾಗಿದ್ದವು, ಮೇಲಿನ ಲೋಡರುಗಳು ಮಾತ್ರ ಸೀಳಿ, ಮುಚ್ಚಳ ಹಾರಿದ್ದವು, ಅವನ್ನೆಲ್ಲ ಗೋಣಿಚೀಲದಲ್ಲಿ ತುಂಬಿಕೊಂಡು ಬಂದಿದ್ದರು.

"ವಿಮಾನ ಮಾಡುವವರು ನೀವು. ಈ ಆಟಿಕೆ ನಿಮಗೆ ಯಾವ ಲೆಕ್ಕ?" ಎಂದರು ವಿಲಾಸರಾವ್ ಮರಾಠಿಯಲ್ಲಿ.

ಇವರು ಒಂದು ಲೋಡರ್ ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಒಳಗೆ ಉಳಿದಿದ್ದ ನಾಲ್ಕಾರು ಗುಂಡು ಖಡಖಡ ಎಂದವು. ಮತ್ತೊಮ್ಮೆ ಅಲುಗಾಡಿಸಿದರು. ಮುಖದಲ್ಲಿ ಏನೋ ಬೆಳಕು. ಹೊಸ ಬೊಂಬೆ ಸಿಕ್ಕ ಕೂಸಿನ ಹಾಗೆ ಆಡ್ತಾರಲ್ಲ ಈ ಮುದುಕ ಅಂದುಕೊಂಡು ನಾನು ಚಹಾ ಇಡಲು ಒಳಗೆ ಹೋದೆ.

ಹಳೆಯವು ರಿಪೇರಿಗೆ ಬರುವಂತಿರಲಿಲ್ಲ, ಹೊಸ ಲೋಡರ್ ಆರಿಸಬೇಕಾಯಿತು. ಆ ಚರ್ಚೆ ನಡೆದದ್ದು ನಮ್ಮ ಪಡಸಾಲೆಯಲ್ಲಿ, ನನ್ನ ರೊಟ್ಟಿಯ ಮೇಲೆ. ನನಗೆ ಅರ್ಥವಾಗಲೆಂದು ಇವರು ಗಿರಣಿಯ ಉದಾಹರಣೆ ಕೊಟ್ಟರು. ಜೋಳ ಬೀಸುವ ಗಿರಣಿಯ ಮೇಲಿನ ಮೂತಿಯಲ್ಲಿ ಕಾಳು ಒತ್ತೊತ್ತಾಗಿ ನಿಂತರೆ ಗಿರಣಿಯವನು ಕೈಯಿಂದ ಬಡಿಯುತ್ತಾನಲ್ಲ, ಸಾದಾ ಲೋಡರ್ ಅಂಥದ್ದು. ಗುಂಡು ತನ್ನ ಭಾರಕ್ಕೆ ತಾನೇ ಇಳಿಯಬೇಕು, ಎರಡು ಒಟ್ಟಿಗೆ ಬಂದು ಕುತ್ತಿಗೆಯಲ್ಲಿ ಸಿಕ್ಕಿಕೊಂಡರೆ ಆಡುವವನು ಬಂದೂಕನ್ನೇ ಅಲುಗಾಡಿಸಬೇಕು. ಎರಡನೆಯ ಜಾತಿಯಲ್ಲಿ ಒಳಗೆ ಒಂದು ಸಣ್ಣ ರೆಕ್ಕೆ ಇರುತ್ತದೆ, ಬ್ಯಾಟರಿಯ ಬಲದಿಂದ ಗುಂಡುಗಳನ್ನು ಕಲಕುತ್ತದೆ. ಮೂರನೆಯದರಲ್ಲಿ ಮೋಟರು ಗುಂಡುಗಳನ್ನು ಹಿಡಿದು ಕೆಳಗೆ ನೂಕುತ್ತದೆ, ಕೈ ಮಿಸುಕಿಸುವ ಕೆಲಸವೇ ಇಲ್ಲ.

"ಈಗ ಯಾರ್ರೀ ಬಸಣ್ಣಾರ ಸಾದಾ ಲೋಡರ್ ತಗೋತಾರ? ನೂಕೂದ ತಗೋಳ್ರಿ. ಬಟನ್ ಒತ್ತಿ ಬಿಟ್ರ ಮುಗೀತು" ಎಂದ ಗಿರೀಶ.

"ಈ ಚಳಿಯೊಳಗ ಗುಂಡಿನ ಸಿಪ್ಪಿ ಹಪ್ಪಳಧಂಗ ಆಗಿರ್ತೈತಿ. ಮೋಟರ್ ನೂಕಿದ್ರ ಒಳಗ ಒಡೀತೈತಿ. ಒಂದು ಒಡದ್ರ ಸಾಕು, ಡಬ್ಬಿ ತುಂಬ ಬಣ್ಣ."

"ಮತ್ತ ಕಲಕೂದು ಐತಲ್ರೀ?"

"ಅದಕ್ಕೂ ಬ್ಯಾಟರಿ ಬೇಕ. ಆಟದ ನಡುವ ಬ್ಯಾಟರಿ ಹೋದ್ರ ಮುಂಬೈ ಹುಡುಗ ಟೈರಿನ ಹಿಂದ ಅಳಕೋತ ಕೂಡಬೇಕೇನು?"

"ಸಾದಾದ್ರಾಗ ಗುಂಡು ಸಿಕ್ಕೋತಾವಲ್ರಿ!"

"ಸಿಕ್ಕೊಂಡ್ರ ಅಲುಗಾಡಿಸಬೇಕು. ದೇವರು ಕೈ ಯಾಕ ಕೊಟ್ಟಾನ?"

ಕೊನೆಯ ಮಾತನ್ನು ಇವರು ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ ಗಿರೀಶ ರೊಟ್ಟಿ ಮುರಿಯುವುದನ್ನು ಬಿಟ್ಟು ನನ್ನ ಮುಖ ನೋಡಿದ. ಜೀವಮಾನದಲ್ಲಿ ಯಾವುದಕ್ಕೂ ಹಟ ಹಿಡಿಯದ ಮನುಷ್ಯ ಒಂದು ಪ್ಲಾಸ್ಟಿಕ್ ಡಬ್ಬಿಗೆ ಇಷ್ಟು ಜಗ್ಗಾಡುವುದನ್ನು ನಾನು ಮೊದಲ ಸಲ ನೋಡಿದ್ದು. ಹೇಳಿದ್ದೇನೂ ಸುಳ್ಳಲ್ಲ. ಪಕ್ಕದ ನಿಫಾಡ ಕಡೆಯ ಚಳಿ ಅಂದರೆ ಚಳಿ, ಬೆಳಗಿನ ಜಾವ ದ್ರಾಕ್ಷಿ ಗೊನೆ ಕೆಡಬಾರದೆಂದು ತೋಟದಲ್ಲಿ ಬೆಂಕಿ ಹಾಕಿ ಹೊಗೆ ಎಬ್ಬಿಸುತ್ತಾರೆ. ಬಾಡಿಗೆಗೆ ಕೊಡುವ ನಿಧಾನದ ಬಂದೂಕಿಗೆ ಮೋಟರಿನ ಲೋಡರ್ ದಂಡವೇ ಸರಿ. ವಿಲಾಸರಾವ್ ಒಪ್ಪಿದರು. ಎಲ್ಲ ಬಂದೂಕಿಗೂ ಸಾದಾ ಲೋಡರ್ ಬಂದವು.

ಆಮೇಲೆ ಪ್ರತಿ ಭಾನುವಾರ ನಮ್ಮ ಸವಾರಿ ದಿಂಡೋರಿಗೆ. ನಾನು ಬುತ್ತಿ ಕಟ್ಟಿಕೊಂಡು ಜೊತೆಗೆ ಹೋಗುತ್ತಿದ್ದೆ, ಇಲ್ಲದಿದ್ದರೆ ಗಂಡನ ಮುಖ ನೋಡುವುದೇ ದುಸ್ತರವಾಗಿತ್ತು. ಇವರು ಮೊದಲು ಲೋಡರಿನ ಕುತ್ತಿಗೆ ಬಂದೂಕಿನೊಳಗೆ ಗಟ್ಟಿಯಾಗಿ ಕೂತಿದೆಯೇ ಎಂದು ತಿರುವಿ ನೋಡುತ್ತಿದ್ದರು, ಸಡಿಲವಿದ್ದರೆ ಒಂದು ಸುತ್ತು ಟೇಪು. ತಗಡಿನಲ್ಲಿ ತೂತು ಕೊರೆದು ಒಂದು ಅಳತೆ ಮಾಡಿಕೊಂಡಿದ್ದರು, ಅದರೊಳಗೆ ತೂರದೆ ಉಬ್ಬಿದ ಗುಂಡುಗಳನ್ನೆಲ್ಲ ಬೇರೆ ತೆಗೆಯುತ್ತಿದ್ದರು. ಡಬ್ಬಿಯನ್ನು ಬಾಯಿತನಕ ತುಂಬಬೇಡಿ, ಗುಂಡಿಗೆ ಹೊರಳಲು ಜಾಗ ಬೇಕು ಎಂದು ಬಂದವರಿಗೆಲ್ಲ ಪಾಠ. "ಜೋರ್ ಸೇ ನಹೀ" ಎಂದು ಅರೆಬರೆ ಹಿಂದಿಯಲ್ಲಿ ಹೇಳಿ, ಹಿಟ್ಟು ಜರಡಿ ಹಿಡಿದ ಹಾಗೆ ಮಣಿಕಟ್ಟಿನಿಂದ ಮೆಲ್ಲಗೆ ಆಡಿಸಿ ತೋರಿಸುತ್ತಿದ್ದರು. ಎಲ್ಲಿಯಾದರೂ ಗುಂಡು ಒಡೆದರೆ ಲೋಡರ್ ಬಿಚ್ಚಿ ಬಟ್ಟೆ ಸುತ್ತಿದ ಕಡ್ಡಿಯಿಂದ ಕುತ್ತಿಗೆ ಒರೆಸಿ ಮತ್ತೆ ಹಾಕಿಕೊಡುತ್ತಿದ್ದರು. ಆಗ ಆ ವಾಸನೆ ಬೆರಳಿಗೆ ಹತ್ತಿ ಬುಧವಾರದವರೆಗೂ ಹೋಗುತ್ತಿರಲಿಲ್ಲ.

ಜನ ಕಡಿಮೆಯಾದ ದಿನ ಇವರೂ ಆಡಲು ಇಳಿಯುತ್ತಿದ್ದರು. ಹಳೆಯ ಕಾರ್ಖಾನೆಯ ಅಂಗಿ, ಮುಖಕ್ಕೆ ಮುಖವಾಡ. ಡ್ರಮ್ಮುಗಳ ಹಿಂದಿನಿಂದ, ಟೈರುಗಳ ಸಂದಿಯಿಂದ ಎಲ್ಲೆಲ್ಲೂ ಖಡಖಡ, ಖಡಖಡ. ಎಲ್ಲರೂ ಬಂದೂಕು ಅಲುಗಾಡಿಸುವವರೇ. ಆಟ ಮುಗಿಸಿ ಬೆನ್ನ ಮೇಲೆ ಹಳದಿ ಬಣ್ಣ ಹೊತ್ತು ಬರುವಾಗ ಇವರು ನಗುತ್ತಿದ್ದರು, ಹಲ್ಲು ಕಾಣುವ ಹಾಗೆ. ಮದುವೆಯ ಫೋಟೋದಲ್ಲೂ ನಗದ ಮನುಷ್ಯ. ನನಗೂ ಖುಷಿಯೇ ಆಗುತ್ತಿತ್ತು, ಬಾಯಲ್ಲಿ ಮಾತ್ರ "ನಾಚಿಕಿ ಬಿಟ್ಟೀರಿ ನೋಡ್ರಿ ಈ ವಯಸ್ಸಿನ್ಯಾಗ" ಅನ್ನುತ್ತಿದ್ದೆ.

ಮನೆಯಲ್ಲಿ ಮಾತ್ರ ಆ ಚಳಿಗಾಲ ಇವರ ರೀತಿಯೇ ಬೇರೆಯಾಗಿತ್ತು. ಸುಮ್ಮನೆ ಕೂತದ್ದನ್ನು ನಾನು ಕಾಣಲಿಲ್ಲ. ಟೀವಿ ನೋಡುವಾಗ ತೊಡೆಯ ಮೇಲೆ ಒಂದು ಲೋಡರ್, ಅದರ ಸ್ಪ್ರಿಂಗು ಬಿಚ್ಚುವುದು, ಹಾಕುವುದು. ಅದೂ ಇಲ್ಲದಿದ್ದರೆ ಬೆಳ್ಳುಳ್ಳಿ ಸುಲಿದುಕೊಡುವರು, ನಾನು ಕೇಳದೆಯೇ.

"ಕೆಳಗ ಇಡ್ರೀ ಅದನ್ನ, ಹಡದ ಕೂಸೇನು?"

"ಇರ್ಲಿ ಬಿಡ. ಕೈಗೆ ಕೆಲಸ ಇರ್ಲಿ."

ಚಹಾವನ್ನು ಎಡಗೈಯಲ್ಲಿ ಕುಡಿಯತೊಡಗಿದ್ದರು. ಕೇಳಿದರೆ ಬಲಗೈಗೆ ಬಣ್ಣ ಹತ್ತಿದೆ ಎನ್ನುವರು. ಬ್ಯಾಂಕಿನ ಚೀಟಿ ಬರೆಯುವುದಿದ್ದರೆ ಮಗಳು ಸ್ನೇಹಾಳನ್ನು ಕರೆಯುವರು, ಕನ್ನಡಕ ಸಿಗುತ್ತಿಲ್ಲವೆಂಬ ನೆಪ, ಕನ್ನಡಕ ಜೇಬಿನಲ್ಲೇ. ಸ್ನೇಹಾ ನಾಶಿಕದಲ್ಲೇ ಹುಟ್ಟಿ ಬೆಳೆದವಳು, ಕಾಲೇಜಿನ ಕೊನೆಯ ವರ್ಷ. ನಾವು ಆಡಿದ ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. "ಬಾಬಾ, ಆಳಶೀ ಝಾಲಾತ್ ತುಮ್ಹೀ" ಎಂದು, ಸೋಮಾರಿಯಾಗಿದ್ದೀರಿ ಎಂದು ಅಪ್ಪನನ್ನು ಕಾಡಿಸುವಳು. ಇವರು ಹೌದು ಎನ್ನುವರು.

ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಮುಗಿದ ಮೇಲೆ ಗಿರೀಶನ ತಲೆಯಲ್ಲಿ ಹೊಸ ಹುಳ ಹೊಕ್ಕಿತು. ಛತ್ರಪತಿ ಸಂಭಾಜಿನಗರದ ವಾಳೂಜ್ ಕಡೆಯ ಕಾರ್ಖಾನೆ ಹುಡುಗರದೊಂದು ತಂಡ ಇದೆ, ಅವರ ಜೊತೆ ಒಂದು ಪಂದ್ಯ ಆಡೋಣ ಎಂದ. ನಮಗೂ ಅನುಕೂಲವೇ. ಅಲ್ಲಿ ನನ್ನ ಕಾಕಾನ ಮಗ ಪ್ರಕಾಶ ಬ್ಯಾಂಕಿನಲ್ಲಿದ್ದಾನೆ, ವಿಜಯಪುರದಿಂದ ವರ್ಗವಾಗಿ ಬಂದವನು ಅಲ್ಲೇ ಮನೆ ಮಾಡಿದ್ದಾನೆ. ಎರಡು ದಿನ ಇದ್ದು ಬರೋಣವೆಂದು ಗಾಡಿ ಹತ್ತಿದೆವು. ಯೇವಲಾ ದಾಟಿದ ಮೇಲೆ ದ್ರಾಕ್ಷಿ ಮುಗಿದು ಬರೀ ಒಣಗಿದ ಹತ್ತಿ ಕಡ್ಡಿ. ದಾರಿಯುದ್ದಕ್ಕೂ ಇವರ ತೊಡೆಯ ಮೇಲೆ ತಮ್ಮ ಲೋಡರಿನ ಚೀಲ.

ಅಲ್ಲಿಗೆ ಹೋದರೆ ಹೊಸ ಕಾನೂನು. ಪಂದ್ಯವೆಂದ ಮೇಲೆ ಎಲ್ಲರಿಗೂ ಒಂದೇ ತರದ ಲೋಡರ್, ಅವರ ಮೈದಾನದ್ದೇ, ಮೋಟರಿನಿಂದ ನೂಕುವಂಥದ್ದು.

"ನನಗ ನಂದ ಇರ್ಲಿ" ಎಂದರು ಇವರು.

"ಅಂಕಲ್, ಸಬ್ ಕಾ ಸೇಮ್ ಚಾಹಿಯೇ" ಎಂದ ತೀರ್ಪು ಕೊಡುವ ಹುಡುಗ, ಮರ್ಯಾದೆಯಿಂದಲೇ.

"ಚಳಿಗೆ ಗುಂಡು ಒಡೀತಾವು ಅದರಾಗ."

"ಅಂಕಲ್, ಧೂಪ್ ದೇಖೋ." ನಿಜ, ಅಲ್ಲಿ ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಇವರು ತಮ್ಮ ಲೋಡರ್ ಬಿಚ್ಚಿ ನನ್ನ ಕೈಗೆ ಕೊಟ್ಟರು.

ನಾನೂ ಪ್ರಕಾಶನೂ ಬಲೆಯ ಈಚೆ ಕೂತು ನೋಡುತ್ತಿದ್ದೆವು. ದಿಂಡೋರಿಯ ಗದ್ದಲ ಅಲ್ಲಿರಲಿಲ್ಲ. ಮೋಟರುಗಳ ಸಣ್ಣ ಗುಂಯ್‌ಗುಟ್ಟುವಿಕೆ ಬಿಟ್ಟರೆ ಎಲ್ಲ ನಿಶ್ಶಬ್ದ, ಯಾರು ಯಾವ ಡ್ರಮ್ಮಿನ ಹಿಂದೆ ಅಡಗಿದ್ದಾರೆಂದು ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಒಂದು ಮೂಲೆಯಿಂದ ಖಡಖಡ. ನನಗೆ ನೋಡದೆಯೇ ಗೊತ್ತಾಯಿತು ಯಾರೆಂದು. ಎದುರಿನ ಹುಡುಗರಿಗೂ ಗೊತ್ತಾಯಿತು. ಇಬ್ಬರು ಸುತ್ತುಹಾಕಿ ಬಂದು ಹೊಡೆದರು, ಇವರು ಮೊದಲ ಔಟ್. ಎರಡನೆಯ ಆಟದಲ್ಲೂ ಹಾಗೇ ಆಯಿತು. ಮೂರನೆಯದರಲ್ಲಿ ಗಿರೀಶ ಟೈರಿನ ಹಿಂದಿನಿಂದ ಕೂಗಿದ, "ಬಸಣ್ಣಾರ, ಅಲುಗಾಡಿಸಬ್ಯಾಡ್ರಿ! ಇದು ತಾನ ಇಳೀತೈತಿ!"

"ರೂಢಿ ಆಗೇತೋ ಮಾರಾಯಾ!" ಎಂದು ಇವರೂ ಕೂಗಿದರು. ಖಡಖಡ ನಿಲ್ಲಲಿಲ್ಲ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಪ್ರಕಾಶ ಮಾತ್ರ ನಗಲಿಲ್ಲ.

ಊಟದ ಬಿಡುವಿನಲ್ಲಿ ಇವರು ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಂದು ಕೂತರು. ಬಂದೂಕನ್ನು ಹುಡುಗರು ಒಳಗೆ ಇಟ್ಟುಕೊಂಡಿದ್ದರು. ಇವರ ಕೈಯಲ್ಲಿ ಏನೂ ಇರಲಿಲ್ಲ. ಬುತ್ತಿಯ ಗಂಟು ಬಿಚ್ಚುತ್ತಿದ್ದ ನಾನು ಕತ್ತೆತ್ತಿ ನೋಡಿದೆ. ತೊಡೆಯ ಮೇಲಿದ್ದ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಹೊರಳುತ್ತಿತ್ತು, ದೀಪಕ್ಕೆ ಬತ್ತಿ ಹೊಸೆದ ಹಾಗೆ, ಒಂದೇ ಸಮನೆ.

"ಏನ್ರೀ, ಬತ್ತಿ ಹೊಸ್ಯಾಕ ಹತ್ತೀರೇನು?" ಎಂದೆ ನಗುತ್ತ.

ಇವರು ಎಡಗೈಯನ್ನು ತಂದು ಅದರ ಮೇಲಿಟ್ಟರು. ಈಗ ಎರಡೂ ಕೈ ಒಟ್ಟಿಗೆ ಅಲುಗಾಡತೊಡಗಿದವು. ನನ್ನ ಮುಖ ನೋಡಿದರು. ಅಯ್ಯೋ ಶಿವನೇ, ಆ ನೋಟ. ಕದ್ದು ಸಿಕ್ಕಿಬಿದ್ದವರೂ ಹಾಗೆ ನೋಡುವುದಿಲ್ಲ. ಆ ಹೊಸೆಯುವಿಕೆಯನ್ನು ನಾನು ಮೊದಲೇ ನೋಡಿದ್ದೆ. ನಮ್ಮ ಕಾಕಾ, ಪ್ರಕಾಶನ ಅಪ್ಪ, ಕೊನೆಯ ವರ್ಷಗಳಲ್ಲಿ ಇದೇ ಊರಿನ ಪ್ರಕಾಶನ ಮನೆಯಲ್ಲಿ ಕಿಟಕಿಯ ಹತ್ತಿರ ಕೂತು ಹೀಗೇ ಇಲ್ಲದ ಬತ್ತಿ ಹೊಸೆಯುತ್ತಿದ್ದರು.

ಪ್ರಕಾಶ ನನ್ನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, "ಅಕ್ಕಾ, ನಾಳೆ ಹೋಗಬ್ಯಾಡ್ರಿ. ಅಪ್ಪನ್ನ ನೋಡಿದ ಡಾಕ್ಟರು ಇಲ್ಲೇ ಅದಾರ. ಮಾವಾರ್ನ ಕರ್ಕೊಂಡು ಹೋಗೂಣು" ಎಂದ.

ಡಾಕ್ಟರು ಒಳ್ಳೆಯವರು, ಅವಸರವಿಲ್ಲದವರು. ಬೆರಳಿಗೆ ಬೆರಳು ತಾಗಿಸಲು ಹೇಳಿದರು, ಮಣಿಕಟ್ಟು ಹಿಡಿದು ತಿರುಗಿಸಿದರು, ನಡೆದಾಡಿಸಿದರು. ಒಂದು ಕಾಗದ ಕೊಟ್ಟು ಚಕ್ಕುಲಿ ಸುತ್ತಿದ ಹಾಗೆ ಒಂದು ಗೆರೆ ಎಳೆಯಿರಿ ಎಂದರು. ಕಣ್ಣು ಹಾಯದ ಜಾಗದಲ್ಲಿ ತಂತಿ ಹೆಣೆಯುವ ಕೈ ಎಳೆದ ಆ ಚಕ್ಕುಲಿ ಮೊದಲ ಸುತ್ತಿಗೇ ಸೊಟ್ಟಗಾಗಿ, ಒಳಗೆ ಹೋದಂತೆ ಚಿಕ್ಕದಾಗಿ, ಕೊನೆಗೆ ಒಂದು ಕಲೆಯಾಗಿ ನಿಂತಿತು. ಇವರು ಅದನ್ನೇ ನೋಡುತ್ತ ಕೂತರು. "ಕಾಮ್ ಕ್ಯಾ ಕರತೇ ಹೈ ಆಪ್?" ಎಂದು ಡಾಕ್ಟರು ಕೇಳಿದಾಗ ಇವರು "ಫಿಟರ್" ಎಂದರು. ಡಾಕ್ಟರು ಆ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ಪಾರ್ಕಿನ್ಸನ್ ಎಂದು ರೋಗದ ಹೆಸರು ಹೇಳಿದರು. ಗುಳಿಗೆಯಿಂದ ಕೆಲಕಾಲ ಹಿಡಿತದಲ್ಲಿರುತ್ತದೆ, ವಾಸಿಯಾಗುವುದಿಲ್ಲ ಎಂದರು. ಎಷ್ಟು ದಿನದಿಂದ ಎಂದು ಕೇಳಿದ್ದಕ್ಕೆ ಇವರು, ಮೊನ್ನಿನ ಗಣಪತಿ ಅಲ್ಲ, ಅದರ ಹಿಂದಿನ ವರ್ಷದ ಗಣಪತಿ ಹಬ್ಬದ ಹೊತ್ತಿನಿಂದ ಎಂದರು. ಒಂದು ವರ್ಷಕ್ಕೂ ಮೇಲೆ. ನಾನು ಪಕ್ಕದಲ್ಲೇ ಮಲಗುವವಳು.

ಹೊರಗೆ ಬೆಂಚಿನ ಮೇಲೆ ಕೂತಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

"ಯಾಕ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಕೆಲಸ ಮಾಡೂ ಮುಂದ ಅಷ್ಟು ನಡುಗೂದಿಲ್ಲ. ಸುಮ್ಮನ ಕುಂತ್ರ ನಡಗತೈತಿ. ಅದಕ್ಕ ನಾ ಸುಮ್ಮನ ಕೂಡಲಿಲ್ಲ."

"ಮತ್ತ ಆ ಸುಡಗಾಡ ಲೋಡರ್? ಬ್ಯಾಟರಿ ಬ್ಯಾಡ, ಮೋಟರ್ ಬ್ಯಾಡ ಅಂತ ಮನಿ ಹಾರೂಹಂಗ ಒದರಿದ್ರಲ್ಲ?"

ಇವರು ಬೆಂಚಿನ ಮೇಲೆ ನನ್ನ ಕಡೆಗೆ ಸರಿದು ಕೂತರು.

"ಅಲ್ಲಿ ಎಲ್ಲಾರ ಕೈನೂ ಅಲುಗಾಡತಿತ್ತಲ್ಲ ಸುನಂದಾ. ಎಲ್ಲಾರೊಳಗ ನಂದೂ ಒಂದು. ವಾರ ಎಲ್ಲಾ ಬಿಗಿ ಹಿಡದ ಹಿಡದ ಭುಜ ಸೋತು ಹೋಗತಿತ್ತು. ಐತವಾರ ಒಂದಿನ ಬಿಟ್ಟುಬಿಡತಿದ್ದೆ. ನಡುಗಲೇ, ಎಷ್ಟು ಬೇಕು ಅಷ್ಟು ನಡುಗು ಅಂತ. ಯಾರೂ ಯಾಕ ಅಂತ ಕೇಳತಿರಲಿಲ್ಲ."

ಆ ಹೊಲದಲ್ಲಿ ಹಲ್ಲು ಕಾಣುವ ಹಾಗೆ ನಗುತ್ತ ಬರುತ್ತಿದ್ದರಲ್ಲ, ಅದು ಆಟದ ಖುಷಿ ಎಂದುಕೊಂಡಿದ್ದೆ. ಮುಚ್ಚಿಟ್ಟು ಮುಚ್ಚಿಟ್ಟು ದಣಿದವರಿಗೆ ಸಿಕ್ಕ ಬಿಡುವು ಅದು. ಬೆಂಚಿನ ಮೇಲೆ ಆಗ ಅತ್ತೆ.

ನಾಶಿಕಕ್ಕೆ ಮರಳಿದ ಮೇಲೆ ನಾನು ಒಬ್ಬಳೇ ಪಂಚವಟಿಗೆ ಹೋದೆ. ಗೋದಾವರಿಯ ಮೆಟ್ಟಿಲ ಮೇಲೆ ನಿಂತು ಕೈ ಮುಗಿಯಲಿಲ್ಲ, ದೇವರನ್ನು ಬೈದೆ. ಕಾಲು ಕಸಿಯಬಹುದಿತ್ತು, ಕಿವಿ ಕಸಿಯಬಹುದಿತ್ತು, ಈ ಮನುಷ್ಯನಿಗೆ ಇದ್ದದ್ದೇ ಕೈ, ಅದನ್ನೇ ಹುಡುಕಿ ಹಿಡಿದೆಯಲ್ಲೋ ಎಂದು ಕನ್ನಡದಲ್ಲೇ ಬೈದೆ. ಪಕ್ಕದಲ್ಲಿ ಪಿಂಡ ಬಿಡಿಸುತ್ತಿದ್ದ ಗುರುಗಳು ಒಮ್ಮೆ ತಿರುಗಿ ನೋಡಿ ತಮ್ಮ ಮಂತ್ರ ಮುಂದುವರಿಸಿದರು. ಮನೆಗೆ ಬಂದಾಗ ಒಂದು ನಿಶ್ಚಯ ಮಾಡಿಕೊಂಡೇ ಬಂದಿದ್ದೆ.

"ಯಾರಿಗೂ ಹೇಳಬ್ಯಾಡ್ರಿ. ಗುಳಿಗಿ ತಗೊಂಡ್ರ ತಡೀತೈತಿ ಅಂದಾರ. ಇಷ್ಟು ದಿನ ಮುಚ್ಚಿಟ್ಟೀರಿ, ಸ್ನೇಹಾನ ಓದು ಮುಗಿದು ಒಂದು ದಾರಿ ಆಗೂತನಕ ಮುಚ್ಚಿಡ್ರಿ."

"ಇಲ್ಲ" ಎಂದರು ಇವರು.

"ಯಾಕ? ನಿಮ್ಮಿಂದ ತಪ್ಪು ಆಗೇತೇನು?"

"ಆಗಿಲ್ಲ. ಎರಡೆರಡು ಸಲ ಮುಟ್ಟಿ ನೋಡೀನಿ, ಬ್ಯಾರೆಯವರ ಕಡೆನೂ ನೋಡಿಸೀನಿ. ಆದ್ರ ಅವಾಗ ಏನಂತ ಗೊತ್ತಿರಲಿಲ್ಲ. ಈಗ ಹೆಸರು ಗೊತ್ತಾತು. ತಂತಿ ಸುತ್ತೂದು ನಾನು, ಮ್ಯಾಲ ಹಾರೂದು ಯಾರದೋ ಮಗ."

ನಾನು ಕೂಗಾಡಿದೆ, ಊಟ ಬಿಟ್ಟೆ, ಆಣೆ ಹಾಕಿದೆ. ಮರುದಿನ ಹೋಗಿ ಹೇಳಿಯೇಬಿಟ್ಟರು. ಕಾರ್ಖಾನೆಯವರು ಬಹಳ ಒಳ್ಳೆಯ ರೀತಿಯಲ್ಲಿ ನಡೆದುಕೊಂಡರು. ಬೆನ್ನು ತಟ್ಟಿದರು, ವಿಮಾನದ ಕೆಲಸದಿಂದ ತೆಗೆದು ಉಗ್ರಾಣದಲ್ಲಿ ಒಂದು ಮೇಜು ಕೊಟ್ಟರು, ಬಸಣ್ಣಾರ ನೀವು ಆರಾಮ ಕೂಡ್ರಿ ಎಂದರು. ಯಾರೂ ಕೆಟ್ಟವರಲ್ಲ. ಕೆಟ್ಟವರಿದ್ದಿದ್ದರೆ ಬೈಯಲು ಒಬ್ಬರಾದರೂ ಸಿಗುತ್ತಿದ್ದರು.

ಆರಾಮ ಕೂಡುವುದು! ಕೈಗೆ ಕೆಲಸವಿದ್ದಾಗ ತಡೆದುಕೊಳ್ಳುತ್ತಿದ್ದ ರೋಗ ಅದು. ದಿನವಿಡೀ ಸುಮ್ಮನೆ ಕೂತ ಮೇಲೆ ಯಾರ ಅಂಕೆಯೂ ಇಲ್ಲದೆ ಬೆಳೆಯಿತು. ಉಗ್ರಾಣಕ್ಕೆ ಬಂದವರೆಲ್ಲ ಮೊದಲು ಕೈ ನೋಡಿ ಆಮೇಲೆ ಮುಖ ನೋಡುತ್ತಿದ್ದರಂತೆ. ಇವರು ಕೈಯನ್ನು ಮೇಜಿನ ಡ್ರಾಯರಿನೊಳಗೆ ಇಟ್ಟುಕೊಂಡು ಕೂರಲು ಕಲಿತರು. ಸತ್ಯ ಹೇಳಿದ್ದಕ್ಕೆ ಸಿಕ್ಕ ಪ್ರತಿಫಲ ಒಂದು ಕುರ್ಚಿ, ಇವರನ್ನು ತಿಂದದ್ದೂ ಅದೇ ಕುರ್ಚಿ.

ಸ್ನೇಹಾಳಿಗೆ ನಾವು ಹೇಳಿರಲಿಲ್ಲ. ಒಂದು ಬೆಳಿಗ್ಗೆ ಇವರು ಕನ್ನಡಿಯ ಮುಂದೆ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದರು. ತೂತು ಸಿಕ್ಕರೆ ಗುಂಡಿ ಜಾರುತ್ತಿತ್ತು. ಕಾಲೇಜಿಗೆ ಹೊರಟಿದ್ದ ಅವಳು ಬಾಗಿಲಲ್ಲಿ ನಿಂತು ನೋಡಿದಳು, ಬ್ಯಾಗು ಕೆಳಗಿಟ್ಟು ಬಂದಳು. ಹುಟ್ಟಿದಾಗಿನಿಂದ ಅಪ್ಪನಿಗೆ ಮರಾಠಿಯಲ್ಲೇ ಉತ್ತರಿಸಿದ ಹುಡುಗಿ, "ಅಪ್ಪಾ, ನಾ ಹಾಕ್ಲಿ?" ಎಂದಳು. ಕನ್ನಡದಲ್ಲಿ. ಇವರು ಗಲ್ಲ ಮೇಲೆತ್ತಿ ನಿಂತರು, ಗುಂಡಿ ಹಾಕಿಸಿಕೊಂಡರು, ಥ್ಯಾಂಕ್ಯೂ ಎಂದರು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡರು. ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತು ಆ ನೀರಿನ ಸದ್ದು ಕೇಳಿದೆವು.

ಶಿವರಾತ್ರಿಯ ಹೊತ್ತಿಗೆ ದ್ರಾಕ್ಷಿಯ ಸುಗ್ಗಿ ಜೋರಾಗಿತ್ತು. ಪಿಂಪಳಗಾಂವ್ ಮಾರುಕಟ್ಟೆಯ ಕಡೆಗೆ ಗಾಡಿಗಳ ಸಾಲೇ ಸಾಲು. ವಿಲಾಸರಾವ್ ಒಂದು ಪೆಟ್ಟಿಗೆ ದ್ರಾಕ್ಷಿ ಹೊತ್ತುಕೊಂಡು ಬಂದರು. ಲೋಡರ್ ನೋಡಿಕೊಳ್ಳುವವರಿಲ್ಲದೆ ಎಲ್ಲವನ್ನೂ ಬದಲಾಯಿಸಿ ಮೋಟರಿನವು ಹಾಕಿಸಿದ್ದೇನೆ ಎಂದರು. "ಈಗ ಮೈದಾನ ಗಪ್‌ಚುಪ್ ಆಗಿಬಿಟ್ಟಿದೆ. ನೀವು ಸುಮ್ಮನೆ ಬಂದು ಕೂತರೂ ಸಾಕು ಬಸಣ್ಣ" ಎಂದು ಕರೆದರು. ಇವರು ಬರುತ್ತೇನೆ ಎಂದು ತಲೆಯಾಡಿಸಿದರು. ಹೋಗಲಿಲ್ಲ, ಮುಂದೆ ಆ ರಸ್ತೆಯನ್ನೇ ಹಿಡಿಯಲಿಲ್ಲ. ದ್ರಾಕ್ಷಿಯನ್ನು ನಾನು ಕಾಲೊನಿಯಲ್ಲಿ ಹಂಚಿದೆ.

ಈಗ ಕೆಲಸ ಬಿಟ್ಟು ನಾಶಿಕದಲ್ಲೇ ಸಣ್ಣ ಮನೆಯಲ್ಲಿದ್ದೇವೆ. ರೋಗ ಎಡಗೈಗೂ ಇಳಿದಿದೆ, ನಡಿಗೆಗೂ ಬಂದಿದೆ. ಊಟವನ್ನು ನಾನೇ ಮಾಡಿಸುತ್ತೇನೆ. ಯಾರಾದರೂ ಬಂದರೆ, ಬಸಣ್ಣಾರ ಮುಖದ ಮ್ಯಾಲ ಕಳೆ ಐತ್ರಿ ಎಂದು ಸುಳ್ಳು ಹೇಳಿ ಹೋಗುತ್ತಾರೆ. ಮೊದಮೊದಲು ಗುಣವಾಗುತ್ತದೆ ಎಂದು ನನಗೇ ನಾನು ಹೇಳಿಕೊಳ್ಳುತ್ತಿದ್ದೆ, ಈಗ ಅದನ್ನೂ ಬಿಟ್ಟಿದ್ದೇನೆ.

ಮಧ್ಯಾಹ್ನ ಊಟವಾದ ಮೇಲೆ ಇವರು ಸ್ವಲ್ಪ ಮಲಗುತ್ತಾರೆ. ನಿದ್ದೆ ಹತ್ತಿದ ಕೂಡಲೇ ನಡುಕ ನಿಂತುಬಿಡುತ್ತದೆ. ಇದನ್ನು ಯಾರೂ ಹೇಳಿರಲಿಲ್ಲ, ನಾನೇ ಒಂದು ದಿನ ಕಂಡುಕೊಂಡೆ. ಚಾದರದ ಮೇಲೆ ಬಲಗೈ ಅಂಗಾತ ಬಿದ್ದಿರುತ್ತದೆ, ಒಂದು ಬೆರಳೂ ಮಿಸುಕುವುದಿಲ್ಲ. ಅಂಗೈಯ ಗೆರೆಗಳಲ್ಲಿ ಹಳೆಯ ಕೆಲಸದ ಕಪ್ಪು ಇನ್ನೂ ಹೋಗಿಲ್ಲ. ನಾನು ಚಹಾ ಮಾಡಿಕೊಂಡು ಹೋಗಿ ಮಂಚದ ಪಕ್ಕ ಕೂತು ಅದನ್ನೇ ನೋಡುತ್ತೇನೆ. ಎಬ್ಬಿಸಬೇಕು, ಗುಳಿಗೆಯ ಹೊತ್ತು ಮೀರಿದರೆ ಸಂಜೆ ಕಾಲು ಎತ್ತಿಡಲಾಗುವುದಿಲ್ಲ. ನಿನ್ನೆಯೂ ಹಾಗೇ ಕೂತಿದ್ದೆ. ಚಹಾ ಆರಿ ಮೇಲೆ ಕೆನೆ ಕಟ್ಟಿತು. ಇನ್ನೊಂದು ಗಳಿಗೆ ಇರಲಿ, ಇನ್ನೊಂದು ಗಳಿಗೆ ಅಂದುಕೊಂಡೆ. ಕೊನೆಗೆ ಭುಜ ಮುಟ್ಟಿ "ರೀ" ಎಂದೆ. ಮೊದಲು ಕೈ ಎದ್ದಿತು. ಆಮೇಲೆ ಅವರು ಕಣ್ಣು ತೆರೆದರು.